ಒಂದೇ ಸಲ ಕರೆಯಬೇಕು

ನಮ್ಮ ಮನೆಯ ನಾಯಿಗೆ ಯಾರೂ ಕೂತು ಹೆಸರಿಡಲಿಲ್ಲ. ತಂದ ದಿನ ಅದು ಬೂಟಿನ ಡಬ್ಬಿಯಲ್ಲಿ ಮಲಗಿತ್ತು. ಮರಿ ಎಲ್ಲಿ, ಮರಿ ಹಾಲು ಕುಡೀತಾ, ಮರಿ ಮತ್ತೆ ಚಾಪೆ ಮೇಲೆ ಗಲೀಜು ಮಾಡ್ತಾ ಅಂತ ಕೇಳಿ ಕೇಳಿ ಅದೇ ಹೆಸರಾಯಿತು. ಆಮೇಲೆ ಅದು ಸೇಂಟ್ ಬರ್ನಾರ್ಡ್ ಜಾತಿಯ ನಾಯಿಗಳು ಬೆಳೆಯುವ ಹಾಗೆ ನಾಚಿಕೆಯಿಲ್ಲದೆ ಬೆಳೆಯಿತು. ಎದ್ದು ನಿಂತರೆ ಮುಂಗಾಲುಗಳು ನನ್ನ ಹೆಗಲಿಗೆ ಬರುತ್ತಿದ್ದವು. ತೂಕದಲ್ಲಿ ನನ್ನನ್ನೂ ತಮ್ಮನ ಹೆಂಡತಿಯನ್ನೂ ಹಿಂದೆ ಹಾಕಿತು. ಹೆಸರು ಮಾತ್ರ ಮರಿಯೇ ಉಳಿಯಿತು. ಬೀದಿಯಲ್ಲಿ “ಮರೀ” ಅಂತ ಕೂಗಿದರೆ ಹೊಸಬರು ಪುಟ್ಟದೇನೋ ಬರುತ್ತದೆ ಅಂತ ಬಗ್ಗಿ ನೋಡುತ್ತಿದ್ದರು. ಆಮೇಲೆ ಗೋಡೆಗೆ ಅಂಟಿಕೊಳ್ಳುತ್ತಿದ್ದರು.

ನಾನು ನಾಯಿ ಮುದ್ದು ಮಾಡುವ ಹೆಂಗಸಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಟ್ಟೆ ಅಂಗಡಿಯೊಂದರಲ್ಲಿ ಆಲ್ಟರೇಷನ್ ಕೆಲಸ ನನ್ನದು. ಮನೆಯಲ್ಲೂ ಒಂದು ಹೊಲಿಗೆ ಮಷಿನ್ ಇದೆ. ಕಪ್ಪು ಪ್ಯಾಂಟಿನ ಮೇಲೆ ಬಿಳಿ ಕೂದಲು ಅಂಟಿದ್ದರೆ ಗಿರಾಕಿಯ ಕೈಲಿ ಮಾತು ಕೇಳುವವಳು ನಾನು, ಮರಿಯಲ್ಲ. ತಮ್ಮ ಮಾತ್ರ ಅದನ್ನು ತಲೆ ಮೇಲೆ ಕೂರಿಸಿಕೊಂಡಿದ್ದ. ಅವನಿಗೂ ಅವನ ಹೆಂಡತಿಗೂ ಮಕ್ಕಳಿಲ್ಲ. ಆ ಮಾತನ್ನೂ ನಾಯಿಯ ಮಾತನ್ನೂ ಒಟ್ಟಿಗೆ ಆಡಿ ತಲೆ ಅಲ್ಲಾಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಅದಕ್ಕೇ ನಾನು ಆಡುವುದಿಲ್ಲ.

ಮರಿಯ ಕೆಟ್ಟ ಗುಣ ಒಂದೇ. ಅದಕ್ಕೆ ಎಲ್ಲರೂ ಬೇಕು. ಪೋಸ್ಟಿನವನು ಬೇಕು, ನಲ್ಲಿ ರಿಪೇರಿಯವನು ಬೇಕು, ಬೇರೆಯವರ ಕೂಸು ಬೇಕು, ಎದುರು ಮನೆಯ ಮುಂಗೋಪಿ ಮುದುಕ ಎಲ್ಲರಿಗಿಂತ ಹೆಚ್ಚು ಬೇಕು. ಸರಪಳಿ ಬಿಚ್ಚಿದರೆ ಓಡಿಹೋಗಿ ಎದೆ ಮೇಲೆ ಕಾಲಿಟ್ಟು ಮುಖ ನೆಕ್ಕುವುದೇ ಅದರ ನಮಸ್ಕಾರ. ಕರೆದರೆ ತಿರುಗಿ ನೋಡುತ್ತಿತ್ತು, ಕೇಳಿಸಿತು ಅನ್ನುವ ಹಾಗೆ ಬಾಲ ಆಡಿಸುತ್ತಿತ್ತು, ಮತ್ತೆ ತನ್ನ ದಾರಿ ಹಿಡಿಯುತ್ತಿತ್ತು. ಪರವಾಗಿಲ್ಲ ಬಿಡು, ಯಾರನ್ನೂ ಕಚ್ಚಲ್ಲವಲ್ಲ ಅಂತ ನಾವೂ ಸುಮ್ಮನಿದ್ದೆವು.

ಆಮೇಲೆ ತಮ್ಮನ ಗಂಟಲು ಕಟ್ಟಿತು.

ಅವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಹದಿಹರೆಯದಲ್ಲಿ ಮೂಟೆ ಎಣಿಸುವುದಕ್ಕೆ ಸೇರಿಕೊಂಡವನನ್ನು ದನಿ ಕೇಳಿಯೇ ಕಟ್ಟೆ ಹತ್ತಿಸಿದ್ದರಂತೆ. ಬೆಳಗ್ಗೆ ಲಾರಿಗಳು ಹಾರ್ನ್ ಹೊಡೆಯುತ್ತಿರಲಿ, ಕೂಲಿಯವರು ಕಿತ್ತಾಡುತ್ತಿರಲಿ, ಅವನು ಎಲೆಕೋಸಿನ ರಾಶಿಯ ಪಕ್ಕ ನಿಂತು ಬಾಯಿ ತೆರೆದರೆ ಆಚೆ ತುದಿಯಲ್ಲಿ ಟೀ ಕುಡಿಯುತ್ತಿದ್ದ ವ್ಯಾಪಾರಿ ಲೋಟ ಇಟ್ಟು ಬರುತ್ತಿದ್ದ. ಮೈಕು ಕೊಟ್ಟಾಗ ಅವನಿಗೆ ಅವಮಾನವಾಗಿತ್ತು. ಹಾಗಾಗಿ ಗಂಟಲು ಕಟ್ಟಿದಾಗ ಕೂಗಿ ಕೂಗಿ ಹೀಗಾಗಿದೆ ಅಂದುಕೊಂಡೆವು. ಉಪ್ಪು ನೀರು ಮುಕ್ಕಳಿಸಿದ. ಎಲ್ಲರೂ ಹೇಳಿದ್ದನ್ನೆಲ್ಲ ಕುಡಿದ. ಕೊನೆಗೆ ದೊಡ್ಡ ಆಸ್ಪತ್ರೆಯ ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡಿ, ನಮ್ಮ ಮೂವರನ್ನೂ ಕೂರಿಸಿಕೊಂಡು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಗೆಡ್ಡೆ ಅಲ್ಲೇ ಕೂತಿದೆ, ಬಿಟ್ಟರೆ ಜೀವಕ್ಕೆ ಅಪಾಯ. ತೆಗೆದ ಮೇಲೆ ಕುತ್ತಿಗೆಯ ಮುಂದೆ ಒಂದು ತೂತು ಇರುತ್ತದೆ, ಉಸಿರಾಟವೆಲ್ಲ ಅಲ್ಲಿಂದಲೇ, ಸಾಯುವವರೆಗೂ. ಮಾತು ಇರುವುದಿಲ್ಲ. ಬೇರೆ ಉಪಾಯಗಳಿವೆ, ಮೆಷಿನ್ ಹಿಡಿದು ಮಾತಾಡಬಹುದು, ಅದೆಲ್ಲ ಆಮೇಲೆ ಅಂದರು.

ತಮ್ಮನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಡಾಕ್ಟರು ಮನೆಯಲ್ಲಿ ಯಾರ್ಯಾರಿದ್ದೀರಿ ಅಂತ ಕೇಳಿದರು. ಹೇಳಿದೆವು. ನಾಯಿಯ ಮಾತು ಬಂದದ್ದೇ ಅವರು ಪೆನ್ನು ಕೆಳಗಿಟ್ಟರು. ಹೆಂಡತಿಗೆ ಲಾಂಡ್ರಿಯಲ್ಲಿ ಕೆಲಸ, ನನಗೆ ಅಂಗಡಿ; ಹಗಲೆಲ್ಲ ಮನೆಯಲ್ಲಿ ಇವನೂ ಆ ನಾಯಿಯೂ ಇಬ್ಬರೇ. ಎದೆ ಮೇಲೆ ಹಾರಿ ಕುತ್ತಿಗೆಗೆ ಮೂತಿ ತೂರುವ ಪ್ರಾಣಿಯನ್ನು ಹಸಿ ಗಾಯದವನ ಜೊತೆ ಬಿಡಲಾಗುವುದಿಲ್ಲ ಅಂದರು. ಕರೆದರೆ ಬಂದು ಎದುರು ಸುಮ್ಮನೆ ಕೂರಬೇಕು, ಇಲ್ಲವಾದರೆ ಬೇರೆ ಮನೆ ನೋಡಿ ಅಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ತಮ್ಮ ಹೇಳಿದ್ದು ಒಂದೇ ಮಾತು. “ಹಾಗಾದ್ರೆ ಕಲಿಸೋಣ.” ತನ್ನ ಗಂಟಲಿನ ವಿಷಯ ಎತ್ತಲೇ ಇಲ್ಲ. ನನಗೆ ಅವನ ಕೆನ್ನೆಗೆ ಎರಡು ಬಿಗಿದು ಅಳಬೇಕು ಅನ್ನಿಸಿತು.

ನಾಯಿಗಳಿಗೆ ಪಾಠ ಹೇಳುವವಳೊಬ್ಬಳನ್ನು ಹಿಡಿದು ತಂದ. ಮೂವತ್ತರ ಆಸುಪಾಸಿನವಳು, ಕೂದಲು ಕತ್ತರಿಸಿಕೊಂಡಿದ್ದಳು, ಸೊಂಟಕ್ಕೊಂದು ಚೀಲ ಕಟ್ಟಿಕೊಂಡು ಹಳೇ ವ್ಯಾನಿನಲ್ಲಿ ಬಂದಳು. ನಾನು ಅವಳಿಗೆ ನಾಯಿ ಟೀಚರ್ ಅಂತ ಹೆಸರಿಟ್ಟೆ. ಮರಿ ಬಂದದ್ದೇ ಅವಳ ಹೆಗಲ ಮೇಲೆ ಕಾಲಿಟ್ಟಿತು. ಅವಳು ಬೈಯಲಿಲ್ಲ, ತಳ್ಳಲಿಲ್ಲ, ಗೋಡೆ ಕಡೆ ತಿರುಗಿ ನಿಂತುಬಿಟ್ಟಳು. ಮರಿಗೆ ಜೀವಮಾನದಲ್ಲಿ ಯಾರೂ ಹಾಗೆ ಬೆನ್ನು ತೋರಿಸಿರಲಿಲ್ಲ. ಕಾಲಿಳಿಸಿ, ಸುತ್ತ ಬಂದು, ಕಣ್ಣು ಕಣ್ಣು ಬಿಡುತ್ತಾ ಕೂತಿತು. ಕೂತಿದ್ದೇ ತಡ ಚೀಲದಿಂದ ಬೇಯಿಸಿದ ಕೋಳಿ ತುಂಡು ಬಂತು.

“ಇದು ದಡ್ಡ ನಾಯಿ ಅಲ್ಲ ಸರ್,” ಅಂದಳು. “ನೀವು ಕರೆದಾಗ ಬಂದ್ರೆ ಇದಕ್ಕೆ ಏನು ಸಿಗುತ್ತೆ?”

ತಮ್ಮ ಯೋಚಿಸಿ, “ಸ್ನಾನ,” ಅಂದ.

“ಮತ್ತೆ?”

“ಸರಪಳಿ.”

“ನೀವಾಗಿದ್ರೆ ಬರ್ತಿದ್ರಾ?”

ಅವಳ ಕಟ್ಟಳೆಗಳು ಹೆಚ್ಚಿರಲಿಲ್ಲ, ಆದರೆ ಒಂದನ್ನೂ ಸಡಿಲ ಬಿಡುತ್ತಿರಲಿಲ್ಲ. ಒಂದೇ ಸಲ ಕರೆಯಬೇಕು. ಬರುತ್ತದೆ ಅಂತ ಖಾತ್ರಿ ಇಲ್ಲದಾಗ ಕರೆಯಲೇಬಾರದು. ಕರೆದು ಸ್ನಾನಕ್ಕೆ, ಉಗುರು ಕತ್ತರಿಸುವುದಕ್ಕೆ, ಬೈಯುವುದಕ್ಕೆ ಹಿಡಿಯಬಾರದು. ಬಂದಾಗಲೆಲ್ಲ ಒಳ್ಳೆಯದೇ ಸಿಗಬೇಕು, ತುಂಡು ಮಾಂಸವೋ, ಮೈದಡವುವುದೋ. ಕರೆದವರು ಅಲ್ಲೇ ಇರಬೇಕು. ನಾಯಿಗೆ ಆ ಕರೆ ಅಂದರೆ ಎಂದೂ ಮೋಸವಾಗದ ಮಾತಾಗಿರಬೇಕು, ಅಷ್ಟೇ ಅಂದಳು. ನಾನು ಮೂಗು ಮುರಿದೆ. ಮನುಷ್ಯರನ್ನು ಯಾರೂ ಇಷ್ಟು ನೇಮದಿಂದ ಕರೆದದ್ದು ನಾನು ಕಂಡಿಲ್ಲ.

ಮೊದಲ ವಾರ ನಡುಮನೆಯಲ್ಲೇ ಪಾಠ. ತಮ್ಮ ಒಂದು ಮೂಲೆಯಲ್ಲಿ, ಮರಿ ಇನ್ನೊಂದು ಮೂಲೆಯಲ್ಲಿ, ನಡುವೆ ಊಟದ ಮೇಜು. ಅಲ್ಲಿ ಒಂದು ತಮಾಷೆಯಾಯಿತು. ಎಷ್ಟು ಕಲಿಸಿದರೂ ಮರಿ ಮೊದಲನೇ ಕರೆಗೆ ಏಳುತ್ತಿರಲಿಲ್ಲ. ಎರಡನೆಯದಕ್ಕೆ ಕಿವಿ ನಿಮಿರಿಸುತ್ತಿತ್ತು. ಮೂರನೆಯದಕ್ಕೆ ಗಡಿಯಾರ ಇಟ್ಟ ಹಾಗೆ ಎದ್ದು ಬರುತ್ತಿತ್ತು. ಟೀಚರಿಗೆ ಅರ್ಥವಾಗಲಿಲ್ಲ. ತಮ್ಮನ ಹೆಂಡತಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

“ಇವರು ಮನೆಯಲ್ಲೂ ಹಾಗೇ ಕರೆಯೋದು,” ಅಂದಳು. “ಒಂದನೇ ಸಲ, ಎರಡನೇ ಸಲ, ಮೂರನೇ ಸಲ. ಮೂರಕ್ಕೆ ಮುಂಚೆ ಅವಸರ ಮಾಡೋನು ದಡ್ಡ ವ್ಯಾಪಾರಿ ಅಂತ ಮರಿಗೆ ಗೊತ್ತು.”

ತಮ್ಮನೂ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವುದಕ್ಕೆ ಹೊತ್ತು ಹಿಡಿಯಿತು. ಇಡೀ ಆಯುಷ್ಯ ಮೂರು ಸಲ ಕೂಗಿ ಹೊಟ್ಟೆ ಹೊರೆದವನು ಒಂದೇ ಸಲ ಕರೆದು ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಕಲಿಯಬೇಕಾಯಿತು. ನಾಯಿಗಿಂತ ಅವನಿಗೇ ಕಷ್ಟವಾಯಿತು. ಎರಡನೇ ಸಲದ ಉಸಿರು ಎಳೆದುಕೊಂಡು, ಟೀಚರ್ ಕಣ್ಣು ಬಿಟ್ಟದ್ದು ನೋಡಿ, ಹಾಗೇ ನುಂಗಿಕೊಳ್ಳುತ್ತಿದ್ದ.

ನಡುಮನೆಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಗೆ, ಓಣಿಯಿಂದ ಬಸ್ ಡಿಪೋ ಹಿಂದಿನ ಮೈದಾನಕ್ಕೆ ಪಾಠ ಹೋಯಿತು. ಉದ್ದದ ಹಗ್ಗ ಕಟ್ಟಿ ಬಿಡುವುದು, ಮರಿ ಮೂಸುತ್ತಾ ದೂರ ಹೋಗುವುದು, ತಮ್ಮ ಕರೆಯುವುದು. ಅದು ದಡದಡ ಓಡಿ ಬಂದು ಕೊನೆಯಲ್ಲಿ ಹಾರುವ ಬದಲು ಅವನೆದುರು ಕೂತು ಮುಖ ಎತ್ತಿದರೆ ಮಾಂಸ. ದಿನದಿಂದ ದಿನಕ್ಕೆ ಮರಿ ಹದಕ್ಕೆ ಬಂತು. ತಮ್ಮನ ದನಿ ಮಾತ್ರ ದಿನದಿಂದ ದಿನಕ್ಕೆ ಒಡೆಯುತ್ತಾ ಬಂತು. ಟೀಚರ್ ಅದಕ್ಕೂ ಒಂದು ದಾರಿ ಹುಡುಕಿದ್ದಳು. ಆಪರೇಷನ್ ಆದ ಮೇಲೆ ಸೀಟಿ ಊದಿದರಾಯಿತು, ಈಗಿನಿಂದಲೇ ಸೀಟಿ ರೂಢಿ ಮಾಡಿಸೋಣ ಅಂದಳು. ಮೊದಲು ಸೀಟಿ, ಅದರ ಬೆನ್ನಿಗೇ ಮಾತಿನ ಕರೆ, ಆಮೇಲೆ ಮಾಂಸ. ಸ್ವಲ್ಪ ದಿನಕ್ಕೆ ಬರೀ ಸೀಟಿಗೇ ಮರಿ ತಿರುಗತೊಡಗಿತು. ಮೈದಾನದಲ್ಲಿ ಯಾರೋ ಚಾಪೆ ಹಾಸಿಕೊಂಡು ತಿನ್ನುತ್ತಾ ಕೂತಿದ್ದರು. ಅವರ ಮಡಿಲಿಗೆ ಮೂತಿ ಇಡುವುದಕ್ಕೆ ಹೊರಟಿದ್ದ ಮರಿ ಸೀಟಿ ಕೇಳಿ ನಡುದಾರಿಯಲ್ಲೇ ತಿರುಗಿ ಓಡಿ ಬಂತು. ತಮ್ಮ ಅದರ ಕಿವಿ ಹಿಡಿದು ಹಣೆಗೆ ಹಣೆ ಒತ್ತಿದ. ನಾಯಿಯನ್ನು ನಾನು ಮೊದಲ ಸಲ ತಟ್ಟಿದ್ದು ಅವತ್ತು.

ಆಸ್ಪತ್ರೆಗೆ ಸೇರಿದ ಸಂಜೆ ತಮ್ಮ ಚೀಲದಿಂದ ಟವೆಲು, ಹಲ್ಲುಜ್ಜುವ ಬ್ರಷ್ ತೆಗೆದಿಡುತ್ತಾ ಸೀಟಿಯನ್ನೂ ದಿಂಬಿನ ಪಕ್ಕ ಇಟ್ಟುಕೊಂಡ. ಬಿ.ಪಿ. ನೋಡುವುದಕ್ಕೆ ಬಂದ ನರ್ಸ್ ಇದೇನು ಅಂದಳು. ಹೆಮ್ಮೆಯಿಂದ ಹೇಳಿದ. ಅವಳು ತೋಳಿಗೆ ಪಟ್ಟಿ ಸುತ್ತುತ್ತಿದ್ದವಳು ನಿಲ್ಲಿಸಿದಳು.

“ಅಣ್ಣ, ಆಮೇಲೆ ನಿಮಗೆ ಬಾಯಿಂದ ಗಾಳಿ ಬರಲ್ಲ,” ಅಂದಳು. “ಉಸಿರು ಕುತ್ತಿಗೆಯಿಂದ ಹೋಗಿಬಿಡುತ್ತೆ. ಸೀಟಿ ಊದೋದು, ದೀಪ ಆರಿಸೋದು, ಬಿಸಿ ಟೀ ಆರಿಸೋದು, ಇವೆಲ್ಲ ಆಗಲ್ಲ. ನಿಮಗೆ ಯಾರೂ ಹೇಳ್ಲಿಲ್ವಾ?”

ಹೇಳಿದ್ದರು. ಉಸಿರು ಕುತ್ತಿಗೆಯಿಂದ ಅಂತ ಡಾಕ್ಟರು ಹೇಳಿದ್ದನ್ನು ನಾವು ಮೂವರೂ ಕೇಳಿ ಮನೆಗೆ ಬಂದು ಟೀಚರಿಗೂ ಹೇಳಿದ್ದೆವು. ನಾಲ್ಕು ಜನ ಸೇರಿ ದಿನಾ ಅವನ ಬಾಯಿಗೆ ಸೀಟಿ ಇಟ್ಟು ಊದಿಸಿದ್ದೆವು. ನಾಲ್ವರಲ್ಲಿ ಒಬ್ಬರ ತಲೆಗೂ ಎರಡೂ ಒಟ್ಟಿಗೆ ಹೊಳೆಯಲಿಲ್ಲ. ಇಂಥ ಪೆದ್ದುತನಕ್ಕೆ ನಗಬೇಕಿತ್ತು. ತಮ್ಮ ಸೀಟಿಯನ್ನು ಎತ್ತಿ ಮೇಜಿನ ಖಾನೆಯೊಳಗೆ ಇಟ್ಟು ಖಾನೆ ಮುಚ್ಚಿದ.

ಫೋನು ಮಾಡಿದ ಕೂಡಲೇ ಟೀಚರ್ ಓಡಿ ಬಂದಳು. ಮುಖ ಸಣ್ಣದಾಗಿತ್ತು. ಗಂಟೆಗೆ ಕಲಿಸಬಹುದು, ಒತ್ತುವ ಹಾರ್ನಿಗೆ ಕಲಿಸಬಹುದು, ಚಪ್ಪಾಳೆಗೂ ಆಗುತ್ತೆ ಅಂದಳು. ತಮ್ಮ ತಲೆ ಅಲ್ಲಾಡಿಸಿದ.

“ಮಂಡಿಯಲ್ಲಿ ನನ್ನ ಜಾಗಕ್ಕೆ ಹೊಸಬ ಬಂದಾಯ್ತಂತೆ,” ಅಂದ. ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು ಅವನ ದನಿ. “ಎಲ್ಲರೂ ನನ್ನ ದನಿಗೇ ಬರ್ತಿದ್ರು. ಇನ್ಮೇಲೆ ಯಾರೂ ಬರಲ್ಲ. ಒಂದು ನಾಯಿಯಾದ್ರೂ ಬರ್ಲಿ. ಹಾರ್ನಿಗೆ ಬರೋದಾದ್ರೆ ಅದು ನನ್ನ ಹತ್ರ ಬಂದ ಹಾಗಾಯ್ತಾ?”

ಟೀಚರ್ ವ್ಯಾನಿಗೆ ಹೋಗಿ ಬಂದಳು. ಅಂಗೈಯಗಲದ ಒಂದು ಬಿಲ್ಲೆ, ನಡುವೆ ದಪ್ಪ ಗುಂಡಿ. ಹೇಳಿದ ಮಾತು ಅದರಲ್ಲಿ ಉಳಿಯುತ್ತದೆ, ಗುಂಡಿ ಒತ್ತಿದರೆ ಗಟ್ಟಿಯಾಗಿ ಕೇಳಿಸುತ್ತದೆ. ಸೊಂಟಕ್ಕೆ ತೂಗುಹಾಕಿಕೊಳ್ಳಬಹುದು. ವಾರ್ಡಿನಲ್ಲಿ ಗಲಾಟೆಯಿತ್ತು, ಅದಕ್ಕೆ ಬಟ್ಟೆ ಬದಲಾಯಿಸುವ ಸಣ್ಣ ಕೋಣೆಗೆ ಹೋದೆವು. ಹೆಂಡತಿ ನೀರು ಕುಡಿಸಿದಳು. ಅವನು ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಮೈದಾನ ಎದುರಿಗಿದ್ದ ಹಾಗೆ, “ಮರೀ, ಬಾ,” ಅಂದ. ಅಷ್ಟೇ. ಒಂದು ಕಡೆ ಸೀಳಿತ್ತು, ಆದರೂ ಅವನದೇ ದನಿ. ಒಂದು ಸಲಕ್ಕೇ ಸಾಕು ಅಂದಳು ಟೀಚರ್.

ಹೋಗುವಾಗ ಅದನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟು ಹೇಳಿದಳು. “ಬೀರುವಿನಲ್ಲಿ ಇಟ್ಟುಬಿಡಿ. ಮೊದಲನೇ ಸಲ ಒತ್ತೋದು ಸರ್ ಆಗಿರ್ಬೇಕು, ಕೈಯಲ್ಲಿ ಮಾಂಸ ಇಟ್ಕೊಂಡು. ಮುಂಚೆ ಯಾರೂ ಒತ್ತಬೇಡಿ.”

ಆಪರೇಷನ್ ಚೆನ್ನಾಗಾಯಿತು ಅಂದರು. ಹಾಗಂದರೆ ಗೆಡ್ಡೆ ಪೂರ್ತಿ ಹೋಯಿತು, ದನಿಯೂ ಪೂರ್ತಿ ಹೋಯಿತು. ನಾನೂ ತಮ್ಮನ ಹೆಂಡತಿಯೂ ಸರದಿ ಹಾಕಿಕೊಂಡು ಆಸ್ಪತ್ರೆಯಲ್ಲಿರುತ್ತಿದ್ದೆವು, ಹೊರಗಿನವರನ್ನು ಬಿಡದಾಗ ಇಬ್ಬರೂ ಮನೆಯಲ್ಲಿ. ಅಂಗಡಿಗೆ ರಜೆ ಹಾಕಿ ನಾನು ಮನೆಯಲ್ಲಿದ್ದ ಹೊತ್ತಲ್ಲಿ ಅವನ ಕುತ್ತಿಗೆಗೆ ಕಟ್ಟುವ ತೆಳು ಹತ್ತಿ ಬಟ್ಟೆಗಳನ್ನು ಹೊಲಿಯುತ್ತಿದ್ದೆ. ತೂತಿನೊಳಗೆ ಧೂಳು ಹೋಗಬಾರದು, ಆದರೆ ಉಸಿರಿಗೆ ಅಡ್ಡವೂ ಆಗಬಾರದು. ಮಕ್ಕಳ ಜೊಲ್ಲುಬಟ್ಟೆಯ ಅಳತೆಯೇ ಸರಿಹೋಯಿತು. ಅಂಚು ಮಡಿಸುತ್ತಾ ಕೂತಿದ್ದಾಗ ಒಳಗಿನ ಕೋಣೆಯಿಂದ ತಮ್ಮ, “ಮರೀ, ಬಾ,” ಅಂದ.

ಸೂಜಿ ಬೆರಳಿಗೆ ಚುಚ್ಚಿತು. ಅಂಗಳದಲ್ಲಿ ಮಲಗಿದ್ದ ಮರಿ ಕುರ್ಚಿ ಕೆಡವಿಕೊಂಡು ನನ್ನ ಮುಂದಿನಿಂದಲೇ ಓಡಿತು. ನಾನೂ ಹಿಂದೆ ಓಡಿದೆ. ತಮ್ಮನ ಹೆಂಡತಿ ಮಂಚದ ಮೇಲೆ ಅವನು ಮಲಗುವ ಕಡೆ ಕೂತಿದ್ದಳು, ಬಿಲ್ಲೆ ಮಡಿಲಲ್ಲಿತ್ತು. ಮರಿ ಮಂಚದ ಕೆಳಗೆ ನೋಡಿತು, ಪರದೆ ಹಿಂದೆ ನೋಡಿತು, ಬಚ್ಚಲ ಬಾಗಿಲನ್ನು ತಲೆಯಿಂದ ತಳ್ಳಿತು, ಬೀದಿ ಬಾಗಿಲಿಗೆ ಹೋಗಿ ನಿಂತು ಕುಯ್‌ಗುಟ್ಟಿತು. ಮತ್ತೆ ಬಂದು ಅವಳ ಮುಖ ನೋಡಿತು.

“ಬುದ್ಧಿ ಇದೆಯೇನೇ ನಿನಗೆ?” ಅಂದೆ. “ಆ ಹುಡುಗಿ ಬಾಯಿ ಬಿಟ್ಟು ಹೇಳಿದ್ದಾಳೆ.”

“ಒಂದೇ ಸಲ ಅಕ್ಕ,” ಅಂದಳು. “ಇನ್ನೊಂದು ಸಲ ಒತ್ತಲ್ಲ.”

ಒತ್ತಿದಳು. ಮರುದಿನ ಲಾಂಡ್ರಿಯಿಂದ ಬಂದು ಚಪ್ಪಲಿ ಬಿಡುವ ಮುಂಚೆ ಒತ್ತಿದಳು. ಬೆಳಗ್ಗೆ ಹೊರಡುವಾಗ ಒತ್ತಿದಳು. ಬೈಯಬೇಕು ಅಂತ ನಾನು ಬಾಯಿ ತೆರೆಯುತ್ತಿದ್ದೆ, ಆಮೇಲೆ ಅವಳ ಬೆನ್ನು ನೋಡಿ ಮುಚ್ಚಿಕೊಳ್ಳುತ್ತಿದ್ದೆ. ಅವಳು ಕೋಣೆಗೆ ಹೋಗಿ ಇನ್ನೇನು ಅಲ್ಲಿಂದ ಅವನ ದನಿ ಬರಬಹುದು ಅನ್ನಿಸಿದಾಗ ನಾನೇ ಮಷಿನಿನ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿಕೊಳ್ಳುತ್ತಿದ್ದೆ, ಸದ್ದಿನಲ್ಲಿ ತಪ್ಪಿಹೋಗದಿರಲಿ ಅಂತ. ಅವನು ನನ್ನ ತಮ್ಮ. ಅವನಿಗೆ ಮೊದಲ ಮಾತು ಕಲಿಸಿದವಳು ನಾನು.

ಮರಿ ಮೊದಲೆರಡು ದಿನ ಇಡೀ ಮನೆ ಹುಡುಕಿತು. ಆಮೇಲೆ ಬಾಗಿಲವರೆಗೆ ಬಂದು ಇಣುಕಿ ಹೋಗುತ್ತಿತ್ತು. ಆಮೇಲೆ ಮಲಗಿದ್ದಲ್ಲಿಂದಲೇ ತಲೆ ಎತ್ತುತ್ತಿತ್ತು. ತಮ್ಮ ಮನೆಗೆ ಬರುವ ಹೊತ್ತಿಗೆ ತಲೆಯನ್ನೂ ಎತ್ತುತ್ತಿರಲಿಲ್ಲ. ಗಡಿಯಾರದ ಸದ್ದಿಗೆ, ಮೇಲಿನ ಮನೆಯವರ ರೇಡಿಯೋಗೆ ಎಷ್ಟು ಬೆಲೆಯೋ ಅದಕ್ಕೂ ಅಷ್ಟೇ ಆಯಿತು. ತಮ್ಮನ ಹೆಂಡತಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳಲ್ಲ, ಅವಳಿಗೆ ಇದು ಕಾಣಲಿಲ್ಲ.

ತಮ್ಮ ಮನೆಗೆ ಬಂದ ದಿನದಿಂದ ಮರಿ ಅಂಗಳದಲ್ಲಿ ಕಟ್ಟಿಯೇ ಇತ್ತು. ಟೀಚರ್ ದಿನಾ ಸಂಜೆ ಬಂದು ಅದನ್ನು ತಿರುಗಾಡಿಸಿಕೊಂಡು ಹೋಗುತ್ತಿದ್ದಳು. ಅವನು ಕಿಟಕಿಯಿಂದ ನೋಡುತ್ತಿದ್ದ. ಮಕ್ಕಳ ಸ್ಲೇಟೊಂದನ್ನು ತಂದುಕೊಟ್ಟಿದ್ದೆವು, ಬರೆದು ಅಳಿಸುವಂಥದ್ದು. ಅದರಲ್ಲಿ ಅವನು ನೀರು, ದಿಂಬು, ನೋವು ಅಂತ ಬರೆಯುವುದಕ್ಕಿಂತ ಯಾವಾಗ ಅಂತ ಬರೆದದ್ದೇ ಹೆಚ್ಚು. ಮೈದಾನಕ್ಕೆ ಯಾವಾಗ. ಗಾಯ ಒಣಗಿ ಡಾಕ್ಟರು ನಡೆದಾಡಬಹುದು ಅಂದ ಕೂಡಲೇ ಗುಂಗುರು ಕೂದಲು ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಾನು ಹೊಲಿದ ನೀಲಿ ಬಟ್ಟೆ ಕುತ್ತಿಗೆಗೆ ಕಟ್ಟಿಕೊಂಡು ಸಿದ್ಧನಾದ. ಬಿಲ್ಲೆಯನ್ನು ಹೆಂಡತಿಯೇ ಬೀರುವಿನಿಂದ ತೆಗೆದು ಅವನ ಸೊಂಟಕ್ಕೆ ಸಿಕ್ಕಿಸಿದಳು. ಅವಳ ಮುಖದಲ್ಲಿ ಸಂತೋಷವೇ ಇತ್ತು. ದನಿಯ ಜೊತೆ ಮನುಷ್ಯನೂ ಎದುರಿಗಿರುತ್ತಾನಲ್ಲ, ಬಂದೀತು, ಬಂದೇ ಬರುತ್ತದೆ ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಮೈದಾನದಲ್ಲಿ ಅವತ್ತು ಜನ ಕಡಿಮೆ; ನಾವು ಮೂವರು, ವ್ಯಾನಿನಲ್ಲಿ ಬಂದ ಟೀಚರ್. ಮರಿಯ ಹಗ್ಗದ ತುದಿ ನನ್ನ ಕೈಲಿತ್ತು. ನಾನು ಅದನ್ನು ಆಚೆ ತುದಿಯ ಬೇಲಿಯವರೆಗೆ ಕರೆದುಕೊಂಡು ಹೋಗಿ ಹಗ್ಗ ಸಡಿಲ ಬಿಟ್ಟೆ. ಅದು ಹುಲ್ಲು ಮೂಸತೊಡಗಿತು. ತಮ್ಮ ದೂರದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತ, ಮಂಡಿಯ ಕಟ್ಟೆ ಮೇಲೆ ನಿಲ್ಲುತ್ತಿದ್ದ ಹಾಗೆಯೇ. ಒಂದು ಕೈಯಲ್ಲಿ ಮಾಂಸ, ಇನ್ನೊಂದು ಕೈ ಸೊಂಟದ ಹತ್ತಿರ.

“ಮರೀ, ಬಾ.”

ನನ್ನವರೆಗೂ ಸ್ಪಷ್ಟವಾಗಿ ಕೇಳಿಸಿತು. ಮರಿಯ ಕಿವಿ ನನ್ನ ಮೊಣಕಾಲಿನ ಹತ್ತಿರವೇ ಇತ್ತು. ಅದು ಅಲುಗಲಿಲ್ಲ. ಹುಲ್ಲಿನಲ್ಲಿ ಬಿದ್ದಿದ್ದ ಯಾವುದೋ ಕಾಗದವನ್ನು ಮೂಸಿ, ಸೀನಿ, ಇನ್ನೊಂದು ಕಡೆ ತಿರುಗಿತು. ತಮ್ಮ ಎರಡನೇ ಸಲ ಒತ್ತಲಿಲ್ಲ. ಹೇಳಿಕೊಟ್ಟ ಹಾಗೆ ಕಾದ. ಮಾಂಸ ಹಿಡಿದ ಕೈ ಚಾಚಿಕೊಂಡು, ಮುಖದ ಮೇಲೆ ನಗು ಹಾಗೇ ಇಟ್ಟುಕೊಂಡು ಕಾದ. ಆ ನಗುವನ್ನು ನೋಡಲಾರದೆ ನಾನೇ ಮರಿಯನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದೆ.

ಟೀಚರ್ ಬಗ್ಗಿ ಅವನ ಸೊಂಟದಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ನೋಡಿದಳು. “ಇದನ್ನ ಮುಂಚೆ ಯಾರಾದ್ರೂ ಒತ್ತಿದ್ರಾ?”

“ಬೀರು ಒರೆಸುವಾಗ ಕೈತಾಗಿರಬಹುದು,” ಅಂದೆ ನಾನು. “ಒಂದು ಸಲವೋ ಏನೋ.”

“ಅಕ್ಕ, ನೀವು ಸುಮ್ನಿರಿ,” ಅಂದಳು ತಮ್ಮನ ಹೆಂಡತಿ. “ನಾನು ಒತ್ತಿದ್ದೆ. ಇವರು ಆಸ್ಪತ್ರೆಯಲ್ಲಿದ್ದಾಗ ದಿನಾ ಒತ್ತಿದ್ದೆ.”

ತಮ್ಮ ಟೀಚರ್ ಮುಖವನ್ನೇ ನೋಡುತ್ತಿದ್ದ, ಯಾರಾದರೂ ಬಿಡಿಸಿ ಹೇಳಲಿ ಅನ್ನುವ ಹಾಗೆ. ಕೊನೆಗೆ ಅವಳೇ ಹೇಳಬೇಕಾಯಿತು. “ಆ ದನಿ ಕರೆದ್ರೆ ಅಲ್ಲಿ ನೀವಿರಲ್ಲ ಅಂತ ಅದಕ್ಕೆ ಪಾಠ ಆಗಿಬಿಟ್ಟಿದೆ ಸರ್. ಓಡಿ ಬಂದಾಗಲೆಲ್ಲ ಕೋಣೆ ಖಾಲಿ ಇತ್ತು. ಇನ್ನು ಆ ದನಿಗೆ ಇದು ಬರಲ್ಲ. ಬೇರೆ ಯಾವುದಕ್ಕಾದ್ರೂ ಮೊದಲಿಂದ ಕಲಿಸಬೇಕು.”

ತಮ್ಮನ ಹೆಂಡತಿ ಅಲ್ಲಿ ನಿಲ್ಲಲಿಲ್ಲ. ದೂರದ ಕಲ್ಲು ಬೆಂಚಿಗೆ ಹೋಗಿ ನಮಗೆ ಬೆನ್ನು ಹಾಕಿ ಕೂತಳು. ಭುಜ ಅಲುಗುತ್ತಿತ್ತು. ತಮ್ಮ ಸ್ಲೇಟು ತೆಗೆದು, ಬಳಪ ಹಿಡಿದು, ಏನೂ ಬರೆಯದೆ ಮತ್ತೆ ಕಂಕುಳಲ್ಲಿಟ್ಟುಕೊಂಡ. ಹೊಸದಾಗಿ ಕಲಿಯುವವರೆಗೆ ಮರಿ ನನ್ನ ಮನೆಯಲ್ಲಿರಲಿ, ನಿಮ್ಮ ಕುತ್ತಿಗೆಗೂ ಅದೇ ಒಳ್ಳೆಯದು ಅಂದಳು ಟೀಚರ್. ತಿಂಗಳುಗಳು ಹಿಡಿಯಬಹುದು ಅಂದಳು. ಅವನು ತಲೆಯಾಡಿಸಿದ. ಇಂಥ ತಿಂಗಳುಗಳು ಹೇಗೆ ಮುಗಿಯುತ್ತವೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಕೈಯಲ್ಲಿದ್ದ ಮಾಂಸವನ್ನು ಮರಿಗೆ ತಿನ್ನಿಸಿ, ಅಂಗೈಯನ್ನು ಅದು ನೆಕ್ಕಿ ಮುಗಿಸುವವರೆಗೆ ಹಾಗೇ ಹಿಡಿದಿದ್ದ.

ಟೀಚರ್ ಮರಿಯನ್ನು ವ್ಯಾನಿನ ಕಡೆ ನಡೆಸಿಕೊಂಡು ಹೋದಳು. ಅದು ಖುಷಿಯಾಗಿಯೇ ಹೋಯಿತು, ವ್ಯಾನು ಅಂದರೆ ಅದಕ್ಕೆ ಇಷ್ಟ. ಅವಳು ಹಿಂಬಾಗಿಲು ತೆಗೆಯುವಾಗ ತಮ್ಮನಿಗೆ ತಡೆಯಲಾಗಲಿಲ್ಲ. ಕೈ ತಾನಾಗಿ ಸೊಂಟಕ್ಕೆ ಹೋಯಿತು.

“ಮರೀ, ಬಾ.”

ಮರಿ ವ್ಯಾನು ಹತ್ತಿತು. ಇತ್ತ ಬೆಂಚಿನ ಮೇಲಿಂದ ತಮ್ಮನ ಹೆಂಡತಿ ಎದ್ದಳು. ಅವಳಿಗೇ ಗೊತ್ತಿಲ್ಲದ ಹಾಗೆ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ಒಳಗೆ ಕೆಲಸದಲ್ಲಿದ್ದವಳು ಕರೆ ಕೇಳಿ ಹೊರಗೆ ಬರುವ ಹಾಗೆ ಬಿರಬಿರನೆ ಅವನ ಕಡೆ ನಡೆದು ಬಂದಳು. ಅರ್ಧ ದಾರಿಗೆ ಬಂದ ಮೇಲೆ ನಮ್ಮಿಬ್ಬರ ಮುಖ ಕಂಡಿತು. ನಿಂತಳು.

“ನನ್ನನ್ನಲ್ಲ ಅಂತ ಗೊತ್ತು,” ಅಂದಳು. “ಮನೆಯಲ್ಲೂ ಗೊತ್ತಿತ್ತು. ಆದ್ರೂ ಪ್ರತಿ ಸಲ ಮಂಚದಿಂದ ಎದ್ದು ನಿಂತು ಮತ್ತೆ ಕೂರ್ತಿದ್ದೆ.” ತಮ್ಮನ ಕಡೆ ತಿರುಗಿದಳು. “ನನ್ನನ್ನ ‘ಇವಳೇ’ ಅಂತ ಕರೀತಿದ್ರಲ್ಲ, ಅದು ಈ ಬಿಲ್ಲೆಯಲ್ಲಿ ಇಲ್ಲ. ಅವತ್ತು ಸಂಜೆ ನಾವು ನಾಯಿ ಕರೆಯೋದನ್ನ ಉಳಿಸಿಕೊಂಡ್ವಿ. ಇದನ್ನ ಉಳಿಸಿಕೊಳ್ಳೋಣ ಅಂತ ನಿಮಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.”

ನನಗೂ ಹೊಳೆದಿರಲಿಲ್ಲ. ಆಸ್ಪತ್ರೆಯ ಆ ಕೋಣೆಯಲ್ಲಿ ನಾನೂ ಇದ್ದೆ, ನೀರಿನ ಲೋಟ ಹಿಡಿದುಕೊಂಡು. ಮರಿಯಿಂದ ಬಿಚ್ಚಿದ್ದ ಹಗ್ಗವನ್ನು ಸುತ್ತುವ ನೆಪದಲ್ಲಿ ತಲೆ ಬಗ್ಗಿಸಿದೆ.

ತಮ್ಮ ಸೊಂಟದಿಂದ ಆ ಬಿಲ್ಲೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ಸ್ಲೇಟನ್ನೂ ಕೊಟ್ಟ. ಬರಿಗೈಯಲ್ಲಿ ಹುಲ್ಲಿನ ಮೇಲೆ ನಡೆದು ಹೋಗಿ ಅವಳೆದುರು ನಿಂತ. ಬಾಯಿ ತೆರೆದು ತುಟಿ ಆಡಿಸಿದ. ಕುತ್ತಿಗೆಯ ನೀಲಿ ಬಟ್ಟೆ ಒಂದು ಸಲ ಉಬ್ಬಿ ಇಳಿಯಿತು. ದನಿ ಏನೂ ಬರಲಿಲ್ಲ.

“ಓ,” ಅಂದಳು ಅವಳು.